ಬೇಳೆ ಬೇಯದ ಊರಿಗೆ ಹೊಳೆದಂಡೆಯ ಹುಡುಗಿ

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಚನ್ನಗಿರಿಯ ನಮ್ಮ ಶಾಲೆಯಲ್ಲಿ ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ನಾನು ಮುಖ ಗಂಟಿಕ್ಕಿಕೊಂಡು ಮುಂದಿನ ಸಾಲಿಗೆ ಹೋಗುತ್ತೇನೆ, ಇಲ್ಲದಿದ್ದರೆ ನಗು ಬಂದುಬಿಡುತ್ತದೆ. ಯಾಕೆಂದರೆ ನಾನು ಹುಟ್ಟಿ ಬೆಳೆದದ್ದು ಜಗಳೂರಿನಲ್ಲಿ. ನಮ್ಮ ಮನೆಯ ಬೋರಿನ ನೀರಿಗೆ ರುಚಿಯೂ ಇತ್ತು, ಹಟವೂ ಇತ್ತು. ಉಳಿದ ಊರುಗಳಲ್ಲಿ ಯಾರಾದರೂ ತೀರಾ ಜಾಣತನ ತೋರಿಸಿದರೆ ‘ನಿನ್ನ ಬೇಳೆ ಇಲ್ಲಿ ಬೇಯಲ್ಲ’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಗಾದೆಯಲ್ಲ, ದಿನಾ ಬೆಳಗಿನ ಸಮಾಚಾರ.

ನೀರಿನ ಗುಣವೇ ಹಾಗೆ. ಅದು ಯಾರನ್ನೂ ಒಲ್ಲೆ ಅನ್ನುವುದಿಲ್ಲ. ಹೋದ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕರಗಿಸಿ ಜೊತೆಗೆ ಕರೆದುಕೊಂಡು ಬರುತ್ತದೆ. ಈ ಗುಣ ಇರುವುದರಿಂದಲೇ ಗಿಡ ಬೇರಿನಿಂದ ಉಣ್ಣುತ್ತದೆ, ನಾವು ತಿಂದ ಅನ್ನದ ಸಾರ ರಕ್ತದಲ್ಲಿ ಕರಗಿ ಕಿರುಬೆರಳ ತುದಿಯವರೆಗೂ ಹೋಗುತ್ತದೆ. ಆದರೆ ನಮ್ಮೂರಿನ ನೀರು ನೆಲದಾಳದ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ಕೂತು, ಅಲ್ಲಿದ್ದ ಸುಣ್ಣ, ಉಪ್ಪು ಎಲ್ಲವನ್ನೂ ಬಳಗ ಮಾಡಿಕೊಂಡು ಮೇಲೆ ಬರುತ್ತಿತ್ತು. ಆ ಸುಣ್ಣದ ಅಂಶ ಬೇಳೆಯನ್ನು ಒಡೆಯದಂತೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಮ್ಮ ರಾತ್ರಿಯೇ ತೊಗರಿಬೇಳೆ ನೆನೆಹಾಕಿ, ಬೆಳಗ್ಗೆ ಚಿಟಿಕೆ ಸೋಡ ಹಾಕಿ, ಕುಕ್ಕರನ್ನು ಕೂಗಿಸಿ ಕೂಗಿಸಿ ಸುಸ್ತು ಮಾಡಿದರೂ ಸಾರಿನ ತಳದಲ್ಲಿ ಬೇಳೆ ಇಡಿಯಾಗಿ ಕೂತು ನಮ್ಮನ್ನೇ ನೋಡುತ್ತಿತ್ತು.

ನನಗೆ ಮೊದಲ ಕೆಲಸ ಸಿಕ್ಕಿದ್ದು ನ್ಯಾಮತಿಯಲ್ಲಿ. ಬಾಡಿಗೆ ಮನೆಯಲ್ಲಿ ಮೊದಲ ದಿನ ಸ್ನಾನಕ್ಕೆ ನಿಂತೆ. ಜಗಳೂರಿನ ಅಭ್ಯಾಸ ನೋಡಿ, ಸೋಪನ್ನು ಗಸಗಸ ತಿಕ್ಕಿದೆ. ಅಯ್ಯೋ ಶಿವನೇ, ನೊರೆಯೋ ನೊರೆ! ನಮ್ಮೂರಲ್ಲಿ ಸೋಪು ತಿಕ್ಕಿದರೆ ನೊರೆ ಬರುವುದಿಲ್ಲ, ಒಡೆದ ಹಾಲಿನಂಥ ಬಿಳೀ ಚೂರು ಬರುತ್ತದೆ. ಇಲ್ಲಿ ತಂಬಿಗೆ ಮೇಲೆ ತಂಬಿಗೆ ಸುರಿದುಕೊಂಡರೂ ಮೈ ಜಾರುತ್ತಲೇ ಇದೆ, ಸೋಪು ಹೋಗಿಲ್ಲವೆಂದು ನಾನು ಸುರಿದುಕೊಳ್ಳುತ್ತಲೇ ಇದ್ದೇನೆ. ಕೊನೆಗೆ ಮನೆಯ ಯಜಮಾನತಿ ಬಾಗಿಲು ಬಡಿದು, “ಏನ್ರೀ ಟೀಚರ್, ಒಳಗೆ ಎಮ್ಮಿ ತೊಳೀತಿದ್ದೀರೋ ಹೆಂಗೆ?” ಎಂದು ಕೇಳಿದರು. ನಾಚಿಕೆಯಿಂದ ಹೊರಗೆ ಬಂದೆ. ಆ ನೀರು ಕುಡಿದರೆ ಮಾತ್ರ ನನಗೆ ಸಪ್ಪೆ ಅನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಹುಚ್ಚಿ ಅನ್ನುತ್ತಿದ್ದರು. ಆಮೇಲೆ ಮದುವೆಯಾಗಿ ಚನ್ನಗಿರಿಗೆ ಬಂದೆ, ನಾಲಿಗೆಯೂ ಸಂಸಾರದ ಹಾಗೆ ಹೊಂದಿಕೊಂಡಿತು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಈ ನೀರಿನಿಂದಾಗಿ ನನ್ನ ತಮ್ಮನ ಮದುವೆ ನಿಂತು ನಿಂತು ಹೋಗುತ್ತಿತ್ತು.

ತಮ್ಮನಿಗೆ ಜಗಳೂರಿನಲ್ಲೇ ಬ್ಯಾಟರಿ ರಿಪೇರಿ ಅಂಗಡಿ. ಟ್ರ್ಯಾಕ್ಟರಿನದು, ಮನೆಗಳ ಇನ್‌ವರ್ಟರಿನದು, ಎಲ್ಲ ಬ್ಯಾಟರಿಗಳಿಗೂ ಅವನೇ ಡಾಕ್ಟರು. ದುಡಿಮೆ ಚೆನ್ನಾಗಿತ್ತು, ನೋಡುವುದಕ್ಕೂ ಲಕ್ಷಣವಾಗಿದ್ದ. ಮಾತು ಮಾತ್ರ ಅಳೆದು ತೂಗಿ. ಹೆಣ್ಣಿನ ಕಡೆಯವರು ಖುಷಿಯಿಂದಲೇ ಒಪ್ಪುತ್ತಿದ್ದರು. ಆಮೇಲೆ ‘ಮನೆ ನೋಡಾಕೆ’ ಬರುತ್ತಿದ್ದರಲ್ಲ, ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಹುಡುಗ ಹುಡುಗಿ ಒಪ್ಪಿದ ಮೇಲೆ ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಗೆ ಬಂದು ಅಟ್ಟ, ಹಿತ್ತಲು, ಅಡುಗೆಮನೆ ಎಲ್ಲ ನೋಡಿ ಊಟ ಮಾಡಿ ಹೋಗುವ ಶಾಸ್ತ್ರ ಅದು. ಬಂದವರೊಬ್ಬರು ಸಾಲಾಗಿಟ್ಟ ನೀರಿನ ಕ್ಯಾನು ನೋಡಿದರು. ಇನ್ನೊಬ್ಬರು ನಲ್ಲಿಯ ಬಾಯಿಗೆ ಗಂಟು ಗಂಟಾಗಿ ಕಟ್ಟಿದ ಬಿಳಿ ಉಪ್ಪು ನೋಡಿದರು. ಮತ್ತೊಬ್ಬರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಎಲ್ಲರೂ ‘ಹೋಗಿ ತಿಳಿಸ್ತೀವ್ರಿ’ ಎಂದು ಕೈಮುಗಿದು ಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ.

ಕಡೆಗೆ ಹೊನ್ನಾಳಿಯ ಸಂಬಂಧ ಬಂತು. ನಾನು, ಅಮ್ಮ, ತಮ್ಮ ಮೂವರೂ ಹುಡುಗಿ ನೋಡಲು ಹೋದೆವು. ಹೊಳೆಯ ದಂಡೆಗೆ ಹತ್ತಿರದ ಬೀದಿ. ಹುಡುಗಿ ಅಜ್ಜಿಯ ಜೊತೆ, ಸೋದರಮಾವನ ಆಸರೆಯಲ್ಲಿ ಬೆಳೆದವಳು, ಟೈಲರಿಂಗ್ ಮಾಡುತ್ತಿದ್ದಳು. ಇಬ್ಬರೂ ಹಿತ್ತಲಲ್ಲಿ ನಿಂತು ಸ್ವಲ್ಪ ಹೊತ್ತು ಮಾತಾಡಿದರು. ಅದೇನು ಮಾತಾಡಿದರೋ ಏನೋ, ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮೂಗಬಸವ ಕಿಟಕಿಯ ಹೊರಗೆ ನೋಡಿಕೊಂಡು ಒಬ್ಬನೇ ನಗುತ್ತಿದ್ದ. ನಾನು ಮೊಣಕೈಯಲ್ಲಿ ತಿವಿದೆ. “ಏನಿಲ್ಲ ಸುಮ್ನಿರಕ್ಕ,” ಎಂದ. ಕಿವಿ ಕೆಂಪಾಗಿತ್ತು.

ಅಮ್ಮನಿಗೆ ಹುಡುಗಿಗಿಂತ ಹೆಚ್ಚಾಗಿ ಅಲ್ಲಿನ ನೀರು ಹಿಡಿಸಿತ್ತು. ಕೊಟ್ಟಷ್ಟು ಸಲ ಕುಡಿದಿದ್ದಳು. ದಾರಿಯುದ್ದಕ್ಕೂ ಅವಳದು ಒಂದೇ ಕೊರಗು. “ಅಲ್ಲ ಕಣೇ, ಅಂಥ ನೀರು ಕುಡಿದು ಬೆಳೆದ ಹುಡುಗಿ ನಮ್ಮ ನೀರಿಗೆ ಬರ್ತಾಳೇನೆ? ಆ ಮುದುಕಿ ಬಂದು ಒಂದ್ಸಲ ಬಾಯಾಗ ಹಾಕ್ಕಂಡ್ರೆ ಮುಗೀತು. ಈ ಸಂಬಂಧನೂ ಹೋದ್ರೆ ನಿನ್ನ ತಮ್ಮ ಮತ್ತೆ ಹೆಣ್ಣು ನೋಡಾಕೆ ಬರಲ್ಲ ನೋಡು.”

ಅದು ನನಗೂ ಗೊತ್ತಿತ್ತು. ಅವನ ಆ ನಗು ನೋಡಿದ ಮೇಲಂತೂ ಈ ಸಲ ಹೇಗಾದರೂ ದಡ ಹತ್ತಿಸಲೇಬೇಕೆಂದು ನಾನೂ ಸೆರಗು ಸಿಕ್ಕಿಸಿದೆ.

ಅವರು ಮನೆ ನೋಡಲು ಬರುವ ಹಿಂದಿನ ದಿನವೇ ನಾನು ಜಗಳೂರಿಗೆ ಹೋದೆ. ಹುಣಸೆಹಣ್ಣು ಕಿವುಚಿ ನಲ್ಲಿಗಳಿಗೆಲ್ಲ ಬಳಿದು ತಿಕ್ಕಿದೆ. ಹುಳಿಗೆ ಸುಣ್ಣವನ್ನು ಕರಗಿಸುವ ಗುಣವಿದೆ, ಪಾತ್ರೆಗಳೂ ನಲ್ಲಿಗಳೂ ಥಳಥಳ ಹೊಳೆದವು. ತಮ್ಮ ಬೈಕಿಗೆ ಕ್ಯಾನು ಕಟ್ಟಿಕೊಂಡು, ಕಾಯಿನ್ ಹಾಕಿದರೆ ನೀರು ಬೀಳುವ ಫಿಲ್ಟರ್ ನೀರಿನ ಘಟಕಕ್ಕೆ ಓಡಾಡಿ ಓಡಾಡಿ ನೀರು ತಂದ. ಕುಡಿಯಲು ಯಾವಾಗಲೂ ಅದೇ ನೀರು. ಆದರೆ ಅದನ್ನು ಅಡುಗೆಗೆ ಸುರಿಯುವುದೆಂದರೆ ಅಮ್ಮನ ಲೆಕ್ಕದಲ್ಲಿ ದುಂದು, ಈ ಸಲ ಮಾತ್ರ ಅಡುಗೆಗೂ ಅದೇ ಎಂದು ಅಪ್ಪಣೆಯಾಯಿತು. ತಂದದ್ದನ್ನೆಲ್ಲ ಹಿತ್ತಾಳೆ ಕೊಡಗಳಿಗೆ ಸುರಿದು, ಖಾಲಿ ಕ್ಯಾನುಗಳನ್ನು ಪಕ್ಕದ ಮನೆಗೆ ಸಾಗಿಸಿದೆವು. ಅಷ್ಟರಲ್ಲಿ ಅಮ್ಮ ತಮ್ಮನ ಅಂಗಡಿಯಿಂದ ತಂದಿದ್ದ, ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರಿನ ಡಬ್ಬ ಎತ್ತಿಕೊಂಡು ಬಂದಳು.

“ಇದು ಎಲ್ಲಕ್ಕಿಂತ ಶುದ್ಧ ಅಂತೀಯಲ್ಲೋ. ಅಜ್ಜಿ ಲೋಟಕ್ಕೆ ಇದನ್ನೇ ಹಾಕಾನ?”

ತಮ್ಮ ಬೆಚ್ಚಿಬಿದ್ದು ಡಬ್ಬ ಕಸಿದುಕೊಂಡ. “ಯವ್ವಾ, ಅದು ಕುಡಿಯಾಕೆ ಅಲ್ಲವ್ವ! ಬೀಗರನ್ನ ಚಾರ್ಜಿಗೆ ಹಾಕ್ತೀಯೇನು?”

ನಾನು ನಕ್ಕು ನಕ್ಕು ಅಡುಗೆಮನೆಯ ಕಟ್ಟೆ ಹಿಡಿದುಕೊಂಡೆ. ಅಮ್ಮನಿಗೆ ಸಿಟ್ಟು ಬಂತು. “ನಗು ನಗು. ನಾಳೆ ಅವರು ಎದ್ದು ಹೋದಾಗ್ಲೂ ಹಿಂಗೇ ನಗು,” ಎಂದಳು. ನಗು ಅಲ್ಲಿಗೇ ನಿಂತಿತು.

ಮರುದಿನ ಹೋಳಿಗೆ ಅಡುಗೆ. ಅಮ್ಮನ ಕೈಯ ಹೋಳಿಗೆಗೆ ನಮ್ಮ ಬೀದಿಯಲ್ಲೆಲ್ಲ ಹೆಸರು. ಮೊಂಡು ನೀರಿನಲ್ಲಿ ಬೇಳೆಯನ್ನು ಹದಕ್ಕೆ ತರುವ ವಿದ್ಯೆ ಅವಳಿಗೆ ಸಿದ್ಧಿಸಿತ್ತು. ಆ ವಿದ್ಯೆಯೇ ಮುಳುವಾಯಿತು. ಕೈಯ ರೂಢಿಯಲ್ಲಿ ಕಡಲೆಬೇಳೆಯನ್ನು ರಾತ್ರಿಯೇ ನೆನೆಹಾಕಿದ್ದಳು. ಬೆಳಗ್ಗೆ ಕೈಯ ರೂಢಿಯಲ್ಲಿ ಸೋಡ ಹಾಕಿದಳು. ಕೈಯ ರೂಢಿಯಲ್ಲಿ ಕುಕ್ಕರನ್ನು ಗಂಟಲು ಕಟ್ಟುವವರೆಗೂ ಕೂಗಿಸಿದಳು. ಒಳಗಿದ್ದದ್ದು ಮಾತ್ರ ಫಿಲ್ಟರ್ ನೀರು, ಉಪ್ಪು ಸುಣ್ಣ ಎಲ್ಲ ಕಳೆದುಕೊಂಡ ಮೆತ್ತನೆಯ ನೀರು. ಮುಚ್ಚಳ ತೆಗೆದು ನೋಡಿದರೆ ಬೇಳೆಯೇ ಇಲ್ಲ! ಹಳದಿ ಅಂಬಲಿ ಕುದಿಯುತ್ತಿದೆ.

ಅಮ್ಮ ಸೌಟು ಆಡಿಸಿ ಆಡಿಸಿ ನೋಡಿದಳು. “ನನ್ನ ಬೇಳೆ ಎಲ್ಲಿ ಹೋತೇ?” ಎಂದು ಕಳೆದುಹೋದ ಕರುವನ್ನು ಹುಡುಕುವವಳಂತೆ ಕೇಳಿದಳು. ಬಸಿದರೂ ಬಾರದು, ಬೆಲ್ಲ ಹಾಕಿ ಕಾಯಿಸಿದರೂ ಗಟ್ಟಿಯಾಗದು. ಹೂರಣವಿಲ್ಲದೆ ಹೋಳಿಗೆ ಎಲ್ಲಿಂದ ಬರಬೇಕು? ಹೊರಗೆ ತಮ್ಮ ಫೋನಿನಲ್ಲಿ “ಹ್ಞೂ ಮಾವಾರೆ, ಬಸ್‌ಸ್ಟ್ಯಾಂಡಿಗೆ ಬಂದೆ, ಅಲ್ಲೇ ಇರ್ರಿ,” ಎನ್ನುತ್ತಿದ್ದ. ನಾನು ಏಲಕ್ಕಿ ಕುಟ್ಟಿ, ಕಾಯಿಹಾಲು ಹಿಂಡಿ, ಆ ಅಂಬಲಿಗೆ ಸುರಿದು, “ಪಾಯಸ ಅನ್ನು. ಮೊದಲಿಂದ್ಲೂ ಪಾಯಸನೇ ಅಂದ್ಕಂಡಿದ್ವಿ ಅನ್ನು,” ಎಂದೆ. ಅಮ್ಮ ಕಣ್ಣೊರೆಸಿಕೊಂಡು ಗೋಡಂಬಿ ಹುರಿಯಲು ನಿಂತಳು.

ಅಜ್ಜಿ ಮತ್ತು ಸೋದರಮಾವ ಬಂದರು. ಅಜ್ಜಿ ಪುಟ್ಟ ಆಳು, ಹಣೆ ತುಂಬ ವಿಭೂತಿ, ಕಣ್ಣು ಬಲು ಚುರುಕು. ಬೆಲ್ಲ ನೀರು ಕೊಟ್ಟೆವು. ಗಟಗಟ ಕುಡಿದರು. ಅಮ್ಮ ನನ್ನತ್ತ ನೋಡಿ ಉಸಿರು ಬಿಟ್ಟಳು. ಆಮೇಲೆ ಅಜ್ಜಿ ಎದ್ದು ಮನೆ ನೋಡತೊಡಗಿದರು. ಬೇರೆಯವರೆಲ್ಲ ತಲೆಯೆತ್ತಿ ಸೂರು ನೋಡುತ್ತಾರೆ, ಫ್ಯಾನು ನೋಡುತ್ತಾರೆ. ಈ ಅಜ್ಜಿ ಬಗ್ಗಿ ಬಗ್ಗಿ ಗೋಡೆಯ ಬುಡ ನೋಡುತ್ತಿದ್ದರು. ಹೆಬ್ಬೆರಳಿನಿಂದ ಸುಣ್ಣ ಒತ್ತಿದರು, ಮೂಸಿದರು. ಬಾಗಿಲ ಚೌಕಟ್ಟಿನ ಕೆಳತುದಿ ಮುಟ್ಟಿ ನೋಡಿದರು. ಮಂಚದ ಕಾಲು ಸವರಿದರು. ನೆಲಕ್ಕೆ ಹತ್ತಿರವಿದ್ದ ಪ್ಲಗ್ ಪಾಯಿಂಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಇದ್ಯಾಕ್ರೀ ಇಷ್ಟು ಕೆಳಗೆ ಹಾಕ್ಸೀರಿ?” ಎಂದರು.

“ಫೋನ್ ಚಾರ್ಜಿಗೆ ಅನುಕೂಲ ಅಜ್ಜಿ,” ಎಂದ ತಮ್ಮ.

ಅಜ್ಜಿ ಸೋದರಮಾವನ ಮುಖ ನೋಡಿದರು. ಅವರು ಮೀಸೆ ಸವರಿಕೊಂಡರು. ಅಮ್ಮ ಅಡುಗೆಮನೆಗೆ ನನ್ನನ್ನು ಎಳೆದುಕೊಂಡು ಹೋಗಿ, “ಗೋಡಿಗೆ ಉಪ್ಪು ಹತ್ತೈತಾ ಅಂತ ಹುಡುಕ್ತಾ ಐತೆ ಕಣೇ ಮುದುಕಿ. ನೀನು ನಲ್ಲಿ ತಿಕ್ಕಿದಿ, ಗೋಡಿ ಯಾರು ತಿಕ್ಕಬೇಕಿತ್ತು?” ಎಂದು ಪಿಸುಗುಟ್ಟಿದಳು. ನನಗೆ ಪಿತ್ತ ನೆತ್ತಿಗೇರಿತು. “ಹ್ಞೂ, ಗೋಡೆಗೂ ಹುಣಸೆಹಣ್ಣು ಹಚ್ತಿದ್ದೆ, ಬಾ,” ಎಂದೆ.

ಊಟ ಚೆನ್ನಾಗಿಯೇ ನಡೆಯಿತು. ಅಜ್ಜಿ ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡು, “ಬ್ಯಾಳಿ ಭಾಳ ಚಂದ ಬೆಂದೈತೆ,” ಎಂದರು. ಆ ಮಾತಿಗೆ ಅಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಅಜ್ಜಿ ಕೈತೊಳೆಯಲು ಎದ್ದರು. ನಾನು ಚೊಂಬಿನಲ್ಲಿ ಫಿಲ್ಟರ್ ನೀರು ಹಿಡಿದು ಹಿಂದೆ ಓಡಿದೆ. “ಇರ್ಲಿ ಬಿಡವ್ವ, ನಲ್ಲಿ ಐತಲ್ಲ,” ಎಂದು ಅಂಗಳದ ನಲ್ಲಿ ತಿರುಗಿಸಿಯೇಬಿಟ್ಟರು. ಪಕ್ಕದಲ್ಲೇ ಸೋಪು. ತಿಕ್ಕಿದರು, ನೊರೆ ಬರಲಿಲ್ಲ. ಮತ್ತೆ ತಿಕ್ಕಿದರು. ಅಂಗೈಯಲ್ಲಿ ಬಿಳೀ ಚೂರು ಕೂತಿತು. ಬಾಯಿ ಮುಕ್ಕಳಿಸಿ ಥೂ ಎಂದು ಉಗುಳಿ, ನನ್ನ ಮುಖ ನೋಡಿದರು. ನೀರಿನ ಪಾಠ ಮಾಡುವವಳು ನಾನು, ನಲ್ಲಿಯ ಪಕ್ಕದ ಸೋಪು ತೆಗೆದಿಡುವುದೇ ಹೊಳೆದಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಒಳಗೆ ಬಂದು ಎಲ್ಲರೂ ಕೂತೆವು. ಅಮ್ಮ ಎಲೆ ಅಡಿಕೆ ತಟ್ಟೆಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸುತ್ತಿದ್ದಳು. ಆಗ ಬಾಯಿಬಿಟ್ಟವನು ನನ್ನ ತಮ್ಮ, ವಾರಕ್ಕೊಂದು ಮಾತಾಡುವವನು.

“ಅಜ್ಜೀ, ನೀವು ಕುಡಿದಿದ್ದು ನಮ್ಮ ನೀರಲ್ಲ. ಕೊಂಡು ತಂದಿದ್ದು. ನಮ್ಮ ಮನಿ ನೀರು ಉಪ್ಪು, ಅದ್ರಾಗ ಬ್ಯಾಳಿ ಬೇಯಲ್ಲ, ಸೋಪು ನೊರಿ ಬರಲ್ಲ. ಕುಡಿಯಾಕೆ ದಿನಾ ನಾನೇ ಕ್ಯಾನಿನಾಗ ತರ್ತೀನಿ. ನಿಮ್ಮ ಹುಡುಗಿಗೂ ತರ್ತೀನಿ. ಹೊಳಿ ತರಾಕೆ ಮಾತ್ರ ನನ್ನ ಕೈಲಿ ಆಗಲ್ಲ. ಇದನ್ನ ಮೊದಲೇ ಹೇಳಬೇಕಿತ್ತು.”

ನಾನು ಕಣ್ಣು ಮುಚ್ಚಿಕೊಂಡೆ. ‘ಹೋಗಿ ತಿಳಿಸ್ತೀವ್ರಿ’ ಎಂಬ ಮಾತು ಬರುವುದನ್ನೇ ಕಾದೆ.

“ಅದೇನು ದೊಡ್ಡ ಮಾತು ಬಿಡಪ್ಪ,” ಎಂದರು ಅಜ್ಜಿ. “ಉಪ್ಪು ನೀರಂತೆ, ಬ್ಯಾಳಿ ಬೇಯಲ್ಲಂತೆ. ಹೆಸರುಬ್ಯಾಳಿ ತಿನ್ನಲಿ. ನಾನು ನೋಡಾಕೆ ಬಂದಿದ್ದೇ ಬ್ಯಾರೆ. ಈ ಗ್ವಾಡಿಗೆ ಗೆರಿ ಇಲ್ಲ ನೋಡ್ರಿ.”

ನಮಗೆ ಅರ್ಥವಾಗಲಿಲ್ಲ. ಸೋದರಮಾವ ಬಿಡಿಸಿ ಹೇಳಿದರು. ಹೊಳೆ ತುಂಬಿ ಬಂದ ವರ್ಷ ಅವರ ಬೀದಿಗೆ ನೀರು ನುಗ್ಗುತ್ತದೆ. ಇಳಿದು ಹೋಗುವಾಗ ಗೋಡೆಯ ಮೇಲೆ ಕೆಸರಿನ ಗೆರೆ ಬಿಟ್ಟು ಹೋಗುತ್ತದೆ. ಎಷ್ಟು ಸುಣ್ಣ ಬಳಿದರೂ ಅದು ಮತ್ತೆ ಹೊರಗೆ ಬರುತ್ತದೆ. ಅವರ ಮನೆಯಲ್ಲಿ ಪ್ಲಗ್ ಪಾಯಿಂಟುಗಳೆಲ್ಲ ಎದೆಯೆತ್ತರದಲ್ಲಿ.

ಅಜ್ಜಿ ಅಮ್ಮನ ಕೈ ಹಿಡಿದುಕೊಂಡರು. “ನಮ್ಮ ಹುಡುಗಿದು ಒಂದು ಸಣ್ಣಾಕಿದ್ದಾಗಿನ ಫೋಟೋ ಇಲ್ಲ ತಾಯಿ, ಎಲ್ಲ ಹೊಳಿ ತಗಂಡೋತು. ತೊಟ್ಟಿಲನಾಗ ಇದ್ದಾಗ್ಲೇ ಆಕಿನ್ನ ಎದೀಗ್ ಅವುಚ್ಕಂಡು ದಿಬ್ಬದ ಮ್ಯಾಲಿನ ಶಾಲಿಗೆ ಓಡೀನಿ. ಮಳಿಗಾಲ ಬಂತು ಅಂದ್ರೆ ಆಕಿ ನಿದ್ದಿ ಮಾಡಲ್ಲ. ಕಾಲು ಕೆಳಗಿಟ್ಟು ನೆಲ ಒಣಗೈತಾ ಅಂತ ನೋಡ್ತಾಳ, ಮತ್ತ ಮಲಗ್ತಾಳ, ಮತ್ತ ಏಳ್ತಾಳ. ನೀರು ಹೆಚ್ಚಾಗಿರೋ ಮನ್ಯಾಗ ಬೆಳೆದ ಮಗ ಅದು. ಕುಡಿಯೋ ನೀರು ಹೊತ್ತು ತರಬಹುದು ಕಣವ್ವ, ನುಗ್ಗೋ ನೀರನ್ನ ಎಲ್ಲಿಗೆ ಹೊತ್ತು ಹಾಕಾನ? ನನಗೆ ಈ ಮನಿ ಒಪ್ಪಿಗೆ ಐತೆ.”

ಅಮ್ಮ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ತಮ್ಮ ಎದ್ದು ಹೊರಗೆ ಹೋದ. ಅಜ್ಜಿಯೇ ಮೊದಲು ನಕ್ಕು, “ಮತ್ತ ಆ ಪಾಯಸ ಹೆಂಗೆ ಮಾಡಿದ್ರಿ, ಅದನ್ನರ ಹೇಳ್ರಿ,” ಎಂದರು. ಅಮ್ಮ ಹೋಳಿಗೆಯ ಕಥೆ ಹೇಳಿದಳು. ಸೋದರಮಾವ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆ ಅಡಿಕೆ ಅಂಗಿಯ ಮೇಲೆ ಬಿತ್ತು.

ಬೇಸಗೆಯಲ್ಲಿ ಮದುವೆಯಾಯಿತು. ಹೊಸ ನೀರಿಗೆ ಹುಡುಗಿ ಮೊದಲು ಮುಖ ಹಿಂಡಿದಳು, ತಲೆಕೂದಲು ಒರಟಾಯಿತು ಎಂದು ಗೊಣಗಿದಳು. ಹೆಸರುಬೇಳೆ ಸಾರು ಮಾಡಿ ಎಲ್ಲರಿಗೂ ಬಡಿಸಿದಳು. ತಮ್ಮ ದಿನಾ ಕ್ಯಾನು ಹೊತ್ತ. ನೋಡಿದವರು ‘ಹೆಂಡ್ತಿ ಬಂದ್ಮ್ಯಾಲೆ ಒಂದು ಕ್ಯಾನು ಜಾಸ್ತಿ ಆತಲ್ಲಪ್ಪ’ ಎಂದು ಕಾಡಿಸುತ್ತಿದ್ದರು.

ಶಾಲೆ ಶುರುವಾಗುವ ಮುಂಚೆ ನಾನು ತವರಿಗೆ ಹೋಗಿದ್ದೆ. ಒಂದು ಸಂಜೆ ಮೋಡ ಕಪ್ಪಾಯಿತು, ಗಾಳಿ ಎದ್ದಿತು, ದಪ್ಪ ದಪ್ಪ ಹನಿ ಬಿತ್ತು. ಜಗಳೂರಿನಲ್ಲಿ ಮಳೆ ಬಂದರೆ ಯಾರೂ ಒಳಗಿರುವುದಿಲ್ಲ. ಅಮ್ಮ ಕೊಡ ತಂದಳು, ತಮ್ಮ ಡ್ರಮ್ಮು ಉರುಳಿಸಿದ, ನಾನು ಪಾತ್ರೆ ಪಗಡೆ ಎಲ್ಲ ಸೂರಿನ ಕೆಳಗೆ ಸಾಲಾಗಿಟ್ಟೆ. ಮಳೆನೀರು ಬಂಡೆ ಕಂಡಿಲ್ಲದ ನೀರು, ಅದನ್ನು ಹಿಡಿದಿಡುವುದೆಂದರೆ ನಮ್ಮ ಮನೆಯಲ್ಲಿ ಹಬ್ಬ. ಮೂವರೂ ತೊಯ್ದು ತೊಪ್ಪೆಯಾಗಿ ಕೂಗಾಡುತ್ತಿದ್ದೆವು. ಆಮೇಲೆ ನೋಡಿದರೆ ಹುಡುಗಿ ಇಲ್ಲ.

ಒಳಗೆ ಹೋದೆವು. ಫ್ರಿಜ್ಜಿನ ವೈರು ಕಿತ್ತಿದ್ದಳು. ಅಕ್ಕಿ ಚೀಲ, ಹಿಟ್ಟಿನ ಡಬ್ಬ, ಟ್ರಂಕು, ಹೊಲಿಗೆ ಯಂತ್ರ, ಅಮ್ಮನ ಸೀರೆಗಳು, ಎಲ್ಲವೂ ಮಂಚದ ಮೇಲಿದ್ದವು. ಅಷ್ಟು ಭಾರವನ್ನು ಒಬ್ಬಳೇ ಹೇಗೆ ಎತ್ತಿದಳೋ ದೇವರೇ ಬಲ್ಲ. ಏದುಸಿರು ಬಿಡುತ್ತ, ತಮ್ಮನ ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡು ಎಲ್ಲಿಡಲೆಂದು ಜಾಗ ಹುಡುಕುತ್ತಿದ್ದಳು.

ತಮ್ಮ ಬಾಗಿಲಲ್ಲೇ ನಿಂತುಬಿಟ್ಟ. ಅಮ್ಮ ಹೋಗಿ ಆ ಚಪ್ಪಲಿಗಳನ್ನು ಮೆತ್ತಗೆ ಬಿಡಿಸಿಕೊಂಡು ಕೆಳಗೆ ಹಾಕಿದಳು. “ಇಲ್ಲಿಗೆ ಬರಲ್ಲ ಕಣವ್ವ ಅದು,” ಎಂದಳು. “ಬಾ, ನೋಡುವಂತಿ ಬಾ.”

ಕೈಹಿಡಿದು ಹೊಸ್ತಿಲ ತನಕ ಕರೆದುಕೊಂಡು ಬಂದಳು. ನೀರು ಅಂಗಳಕ್ಕೆ ಬಿದ್ದು, ಮೆಟ್ಟಿಲ ಪಕ್ಕದಲ್ಲೇ ಹರಿದು, ಬೀದಿಗಿಳಿದು ಕೆರೆಯ ಕಡೆಗೆ ಓಡುತ್ತಿತ್ತು. ಹುಡುಗಿ ಅದು ಹೋಗುವ ದಾರಿಯನ್ನೇ ಬಹಳ ಹೊತ್ತು ನೋಡಿದಳು.

“ಅತ್ತೀ, ಇವತ್ತು ಎಲ್ರೂ ಮಲಗ್ತೀವಾ?”

“ಮಲಗದೆ ಏನ್ ಮಾಡ್ತೀವಿ, ಹುಚ್ಚಿ?” ಎಂದಳು ಅಮ್ಮ.

ಬೆಳಗ್ಗೆ ನಾನು ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಮಳೆ ನಿಂತು, ಕೊಡಗಳೆಲ್ಲ ತುಂಬಿದ್ದವು. ಹುಡುಗಿ ಇನ್ನೂ ಎದ್ದಿರಲಿಲ್ಲ. ಸೊಸೆ ಹೊತ್ತೇರುವವರೆಗೂ ಮಲಗಿದರೆ ಊರೆಲ್ಲ ಡಂಗುರ ಸಾರುವ ಕಾಲದವಳು ನಮ್ಮಮ್ಮ, ತಾನೇ ಬಾಗಿಲಲ್ಲಿ ಕಾವಲು ಕೂತಿದ್ದಳು. ಹಾಲಿನವನು ಬಂದು ಬೈಕಿನ ಹಾರ್ನು ಒತ್ತಲು ಕೈಯೆತ್ತಿದ್ದನಷ್ಟೆ.

“ಶ್!” ಎಂದು ಗದರಿದಳು ಅಮ್ಮ. “ನಮ್ಮ ಹುಡುಗಿ ಮಲಗೈತೆ.”